ಕರಡಿಯ ಕಿವಿಯೊಳಗಿನ ಸೀನು

ಅಕ್ಟೋಬರ್ ೬, ಸೋಮವಾರ

ಇವತ್ತು ಬೆಳಗಿನಿಂದ ಸಂಜೆಯವರೆಗೆ ಕರಡಿಯಾಗಿದ್ದೆ. ಜೋಳದ ಹಿಟ್ಟು ತುಂಬಿದ ಬಟ್ಟೆಚೀಲವನ್ನು ಮೈಕಿನ ಮುಂದೆ ಹಿಸುಕಿದರೆ ಹಿಮದ ಮೇಲೆ ಹೆಜ್ಜೆಯಿಟ್ಟ ಹಾಗೆ ಕಿರುಕ್ ಕಿರುಕ್ ಎನ್ನುತ್ತದೆ. ಕರಡಿ ದಪ್ಪ, ಆದ್ದರಿಂದ ದೊಡ್ಡ ಚೀಲ. ಮಧ್ಯಾಹ್ನ ಚೀಲ ಒಡೆದು ತಲೆಯಿಂದ ಕಾಲಿನವರೆಗೆ ಬೆಳ್ಳಗಾದೆ. ಸ್ಟುಡಿಯೋದವರೆಲ್ಲ ನಕ್ಕರು. ನನ್ನ ಮುಂದೆ ನಗಬಾರದೆಂದು ನೆನಪಾಗಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಅದು ಇನ್ನೂ ಕಷ್ಟ.

ಕಾರ್ಟೂನ್ ಸಿನಿಮಾಗಳಿಗೆ ಸದ್ದು ಮಾಡುವುದು ನಮ್ಮ ಕೆಲಸ. ಬರೆದ ಚಿತ್ರ ಬಿದ್ದರೂ ಎದ್ದರೂ ತಾನಾಗಿ ಸದ್ದು ಮಾಡುವುದಿಲ್ಲ. ಪರದೆ ನೋಡಿಕೊಂಡು ಅದನ್ನೆಲ್ಲ ನಾವು ಮಾಡಿಕೊಡಬೇಕು. ನಾವು ಎಂದು ಕೈ ತಾನೇ ಬರೆಯಿತು. ಇರಲಿ. ಕೈಕಾಲಿನ ಸದ್ದೆಲ್ಲ ನನ್ನದು, ಬಾಯಿ ಮೂಗಿನದೆಲ್ಲ ಅವಳದು ಎಂದು ಮದುವೆಯಾದ ವರ್ಷವೇ ಪಾಲು ಮಾಡಿಕೊಂಡಿದ್ದೆವು. ಅಗಿಯುವುದು, ಸೊರ್ರೆಂದು ಹೀರುವುದು, ಗೊರಕೆ, ಬಿಕ್ಕಳಿಕೆ, ಕಪ್ಪೆಯ ತೇಗು, ಎಲ್ಲ ಅವಳು. ಬೇಸಿಗೆಯಲ್ಲಿ ಹೋಗಿಬಿಟ್ಟಳು. ಈ ಸಿನಿಮಾದ ಕರಡಿಗೆ ಕಾಲಿದೆ, ಇನ್ನೂ ಬಾಯಿಯಿಲ್ಲ.

ವರ್ಷದ ಕೊನೆಯ ರಜೆಗೆ ಬಿಡುಗಡೆಯಾಗಬೇಕಾದ ಸಿನಿಮಾ. ನಿರ್ದೇಶಕರು ಕಥೆಯನ್ನು ಮತ್ತೊಮ್ಮೆ ಹೇಳಿದರು. ಒಂಟಿ ಕರಡಿಗೆ ಹಿಮದಲ್ಲಿ ಒಂದು ಟೀ ಕೆಟಲ್ ಸಿಗುತ್ತದೆ. ಬೆಚ್ಚಗಿದೆ, ಶಿಳ್ಳೆ ಹಾಕುತ್ತದೆ, ಆದ್ದರಿಂದ ತನ್ನ ಮರಿ ಎಂದುಕೊಂಡು ಸಾಕುತ್ತದೆ. ಜೋಗುಳ ಹಾಡುತ್ತದೆ, ಸ್ನಾನ ಮಾಡಿಸುತ್ತದೆ, ಟೋಪಿ ತೊಡಿಸುತ್ತದೆ. ಆಮೇಲೆ ಅದು ದೀಪಸ್ತಂಭ ಕಾಯುವ ಅಜ್ಜಿಯ ಕೆಟಲ್ ಎಂದು ತಿಳಿಯುತ್ತದೆ. ಅಜ್ಜಿ ಚಳಿಗೆ ನಡುಗುತ್ತಿರುತ್ತಾಳೆ. ಕರಡಿ ಕೆಟಲನ್ನು ಕೊಟ್ಟು ಹಿಂದಿರುಗುತ್ತದೆ. ಒಂಟಿಯಾಗಿ ನಡೆಯುತ್ತಿರುವಾಗ ಅದರ ಕಿವಿಯೊಳಗಿಂದ ಒಂದು ಸೀನು ಕೇಳಿಸುತ್ತದೆ. ಅಲ್ಲಿ ಮೊದಲಿಂದಲೂ ಒಂದು ಇಲಿ ಸಂಸಾರ ಹೂಡಿತ್ತಂತೆ. ಮುಗಿಯಿತು.

“ಹಿಡ್ಕೊಳ್ಳೋದಲ್ಲ ಪ್ರೀತಿ, ಬಿಟ್ಟುಕೊಡೋದು ಪ್ರೀತಿ. ಮಕ್ಕಳು ಇದನ್ನ ಮನೆಗೆ ತಗೊಂಡು ಹೋಗ್ಬೇಕು” ಎಂದು ನಿರ್ದೇಶಕರು ಕಣ್ಣೊರೆಸಿಕೊಂಡರು. ತಮ್ಮ ಕಥೆಗೆ ತಾವೇ ಅಳುವುದು ಅವರಿಗೆ ಅಭ್ಯಾಸ.

ರೆಕಾರ್ಡಿಂಗ್ ಮೇಡಂ ಮೆಲ್ಲಗೆ ಕೇಳಿದರು. “ಸದ್ದಣ್ಣ, ಇಲಿ ಸೀನು ಹಳೇದು ಇದ್ಯಲ್ಲ, ಅಕ್ಕಂದು? ಅದನ್ನೇ ಹಾಕೋಣ್ವಾ?”

“ಇಲ್ಲ ಮೇಡಂ, ಹಾಳಾಗಿದೆ” ಎಂದೆ.

ಹಾಳಾಗಿಲ್ಲ. ಬೇಸಿಗೆಯಲ್ಲೇ ನನ್ನ ಫೋನಿಗೆ ಹಾಕಿಕೊಂಡು ಸ್ಟುಡಿಯೋ ಕಂಪ್ಯೂಟರಿನಿಂದ ಅಳಿಸಿಬಿಟ್ಟಿದ್ದೇನೆ. ಅವಳಿಗೆ ಜೋರು ಬೆಳಕು ನೋಡಿದರೆ ಸೀನು ಬರುತ್ತಿತ್ತು. ದೀಪ ನೋಡಿ ಬೇಕೆಂದಾಗ ಸೀನುತ್ತಿದ್ದಳು. ಎರಡು ಪುಟ್ಟದು, ತುಸು ತಡೆದು ಒಂದು ದೊಡ್ಡದು. ಎರಡಾದ ಕೂಡಲೇ ನಾನು “ಇನ್ನೊಂದು ಬಾಕಿ” ಎನ್ನುತ್ತಿದ್ದೆ. ಅವಳು ತಾಳಿ ಎಂಬಂತೆ ಬೆರಳೆತ್ತಿ ಮೂರನೆಯದನ್ನು ಮುಗಿಸುತ್ತಿದ್ದಳು. ಕಪ್ಪೆ, ಕೋಳಿ, ಹಂದಿಗಳ ಸದ್ದಿನಲ್ಲೆಲ್ಲ ಕಪ್ಪೆ, ಕೋಳಿ, ಹಂದಿಗಳೇ ಇದ್ದವು. ಸೀನಿನಲ್ಲಿ ಮಾತ್ರ ಅವಳಿದ್ದಳು. ಅದನ್ನು ಒಂದು ಇಲಿಗೆ ಕೊಟ್ಟು, ಊರ ಮಕ್ಕಳೆಲ್ಲ ಕೇಳಿ ನಕ್ಕು ಮನೆಗೆ ಹೋಗುವುದು ನನಗೆ ಬೇಡ.

ಒಮ್ಮೆಯೂ ಹಾಕಿ ಕೇಳಿಲ್ಲ. ಜೇಬಿನಲ್ಲಿದೆ ಎಂದು ಗೊತ್ತಿದ್ದರೆ ಸಾಕು.


ಅಕ್ಟೋಬರ್ ೯, ಗುರುವಾರ

ಅತ್ತೆ ಬಂದಿಳಿದರು. ಹೇಳಿ ಕೇಳಿ ಬರುವುದು ಅವರ ಜಾಯಮಾನವಲ್ಲ. ಜೀವಮಾನವೆಲ್ಲ ಬಸ್ ಕಂಡಕ್ಟರಾಗಿದ್ದವರು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವರನ್ನು ಬಸ್ಸಿನೊಳಗೆ ನೋಡಿದ್ದೇ ಹೆಚ್ಚು. ಬಾಗಿಲು ತೆರೆದ ಕೂಡಲೇ “ದಾರಿ ಬಿಡಿ ದಾರಿ ಬಿಡಿ, ಒಳಗೆ ಜಾಗ ಇದೆ” ಎಂದು ನನ್ನ ಮನೆಯೊಳಕ್ಕೆ ನನ್ನನ್ನೇ ದಬ್ಬಿದರು.

“ಎಷ್ಟು ದಿನ ಇರ್ತೀರಿ ಅತ್ತೆ?”

“ಕೊನೇ ಸ್ಟಾಪ್‌ವರೆಗೂ.”

ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಮನೆಯೊಳಗೂ ತೆಗೆಯಲಿಲ್ಲ. ಕಣ್ಣಿಗೇನಾದರೂ ಆಪರೇಷನ್ ಆಯಿತೇ ಎಂದೆ. “ಫ್ಯಾಷನ್ನು” ಎಂದರು. ಆಮೇಲೆ ಕೋಣೆ ಕೋಣೆಗೂ ಹೋಗಿ ಕಿಟಕಿಯ ಪರದೆಗಳನ್ನೆಲ್ಲ ಎಳೆದರು. ಬಿಸಿಲಿಗೆ ಬಟ್ಟೆ ಬಣ್ಣಗೆಡುತ್ತದಂತೆ. ಹಗಲಿನಲ್ಲೇ ಮನೆ ಸಿನಿಮಾ ಥಿಯೇಟರಿನಂತಾಗಿದೆ. ಮೇಜಿಗೆ ಮೊಣಕಾಲು ಬಡಿದುಕೊಂಡೆ. ಒಳ್ಳೆಯ ಸದ್ದು ಬಂತು, ಕರಡಿ ಮರಕ್ಕೆ ಗುದ್ದಿಕೊಳ್ಳುವಲ್ಲಿಗೆ ಆಗಬಹುದು.

ಅವಳ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಅತ್ತೆ ಅವಳ ಲೋಟದಲ್ಲಿ ಟೀ ಕುಡಿದರು. ಅದು ಅವಳದೆಂದು ಅವರಿಗೆ ಗೊತ್ತಿಲ್ಲ.


ಅಕ್ಟೋಬರ್ ೧೪, ಮಂಗಳವಾರ

ಬಚ್ಚಲುಮನೆಯಲ್ಲಿ ಏನೋ ಕೆಟ್ಟಿದೆ. ಅತ್ತೆ ಒಳಗೆ ಹೋದಾಗಲೆಲ್ಲ ನಲ್ಲಿಯನ್ನು ಪೂರ್ತಿ ಬಿಡುತ್ತಾರೆ. ಆ ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿದೆ. ಪ್ಸ್ಕ್, ಪ್ಸ್ಕ್, ತುಸು ತಡೆದು ಪ್ಸ್ಸ್ಸ್ಕ್. ಬೇರೆಯವರಿಗಾದರೆ ಕೇಳಿಸುವುದಿಲ್ಲ. ನನ್ನದು ಪಳಗಿದ ಕಿವಿ. ಕೊಳವೆಯೊಳಗೆ ಗಾಳಿ ಸೇರಿದೆ, ಅನುಮಾನವೇ ಇಲ್ಲ.


ಅಕ್ಟೋಬರ್ ೧೫, ಬುಧವಾರ

ಕೊಳಾಯಿ ರಿಪೇರಿಯವನು ಬಂದು ಎಲ್ಲ ಬಿಚ್ಚಿ ನೋಡಿ “ನಿಮ್ಮ ಪೈಪು ನನಗಿಂತ ಆರೋಗ್ಯವಾಗಿದೆ ಸಾರ್” ಎಂದ. ಅತ್ತೆ ಹಿಂದೆ ನಿಂತು “ವಯಸ್ಸಾದ ಪೈಪು, ಏನೋ ಅಂದ್ಕೊಳ್ಳುತ್ತೆ ಪಾಪ. ಅಂದ್ಕೊಳ್ಳಲಿ ಬಿಡಿ” ಎಂದರು. ಪೈಪಿನ ಮೇಲೆ ಅಷ್ಟು ಕರುಣೆ ಇರುವವರನ್ನು ನಾನು ನೋಡಿಲ್ಲ.


ಅಕ್ಟೋಬರ್ ೨೨, ಬುಧವಾರ

ಕೆಟಲಿನ ಮುಚ್ಚಳಕ್ಕೆ ಸರಿಯಾದ ಸದ್ದು ಸಿಗುತ್ತಿಲ್ಲ. ಕರಡಿ ಅಪ್ಪಿಕೊಂಡಾಗಲೆಲ್ಲ ನಾಚಿಕೆಯಿಂದ ಮುಚ್ಚಳ ಒಮ್ಮೆ ಎದ್ದು ಕೂರಬೇಕಂತೆ. ಕೆಟಲಿಗೆ ನಾಚಿಕೆ. ಮನೆಯ ಮುಚ್ಚಳಗಳನ್ನೆಲ್ಲ ಹೊತ್ತೊಯ್ದು ಬಡಿದಾಯಿತು. ಎಲ್ಲವೂ ಪಾತ್ರೆ ತೊಳೆಯುವ ಹಾಗೆಯೇ ಕೇಳಿಸುತ್ತವೆ.

ನಮ್ಮ ಬಚ್ಚಲಿನ ಪೈಪಿನ ಸದ್ದು ನೆನಪಾಯಿತು. ಸ್ಟುಡಿಯೋದಿಂದ ಸಣ್ಣ ಮೈಕು ತಂದು ಬಚ್ಚಲಿನ ಬಾಗಿಲಿನ ಸಂದಿಯಲ್ಲಿಟ್ಟು ಕಾದು ಕುಳಿತೆ. ಅತ್ತೆ ಒಳಗೆ ಹೋದರು, ನಲ್ಲಿ ಬಿಟ್ಟರು. ಪ್ಸ್ಕ್, ಪ್ಸ್ಕ್. ಬಂಗಾರದಂಥ ರೆಕಾರ್ಡಿಂಗ್. ಮೂರನೆಯದು ಬರುವಷ್ಟರಲ್ಲಿ ಬಾಗಿಲು ತೆರೆಯಿತು.

“ಅಳಿಯಂದ್ರೇ! ನಾನು ಬಚ್ಚಲಲ್ಲಿದ್ರೆ ಮೈಕ್ ಇಡ್ತೀರಾ? ಯಾವ ಮನೆತನ ರೀ ನಿಮ್ದು!”

“ನಿಮ್ಗಲ್ಲ ಅತ್ತೆ, ಪೈಪಿಗೆ.”

“ಪೈಪಿಗೂ ಮಾನ ಇರುತ್ತೆ!”

ರಾತ್ರಿಯೂಟಕ್ಕೆ ಬ್ರೆಡ್ಡು ಮಾತ್ರ ಸಿಕ್ಕಿತು. ಆದರೆ ಮುಚ್ಚಳದ ಸದ್ದು ಸಿಕ್ಕಿತಲ್ಲ. ನಿರ್ದೇಶಕರು ನಾಳೆ ಅಳುವುದು ಖಂಡಿತ.


ನವೆಂಬರ್ ೩, ಸೋಮವಾರ

ಕರಡಿ ಎಲೆಕೋಸು ತಿನ್ನುವ ದೃಶ್ಯ. ಬಾಯಿಯವರು ಯಾರೂ ಸಿಗದೆ ನಾನೇ ಅಗಿದೆ. ರೆಕಾರ್ಡಿಂಗ್ ಮೇಡಂ ಗಾಜಿನ ಆಚೆಯಿಂದ “ಸದ್ದಣ್ಣ, ಕರಡಿ ಯಾಕೋ ಬ್ಯಾಂಕ್ ಗುಮಾಸ್ತರ ಥರ ತಿಂತಿದೆ” ಎಂದರು. ನಾಲ್ಕು ಕೋಸು ಹಾಳಾದವು. ನನ್ನದು ತಿಂದರೂ ಸದ್ದಾಗದ ಬಾಯಿ, ಏನು ಮಾಡಲಿ.

ಮರೆತುಬಂದಿದ್ದ ಊಟದ ಡಬ್ಬಿ ಹಿಡಿದು ಅಷ್ಟರಲ್ಲಿ ಅತ್ತೆ ಬಂದರು. ಯಾರನ್ನೂ ಕೇಳದೆ ಒಳಗೆ ನುಗ್ಗಿ, ಮೂಲೆಯಲ್ಲಿದ್ದ ಅವಳ ಮೋಟು ಸ್ಟೂಲಿನ ಮೇಲೆ ಕುಳಿತು, “ಕೋಸನ್ನ ಯಾಕ್ರೀ ದಂಡ ಮಾಡ್ತೀರಾ” ಎಂದು ಒಂದು ಹೋಳು ಬಾಯಿಗಿಟ್ಟರು. ಅತ್ತೆಗೆ ಕಟ್ಟಿಸಿದ ಹಲ್ಲು. ಕರ್ರುಂ! ಕಟಕ್! ಕರ್ರುಂ! ಕಟಕ್!

“ಯಾರದು?” ಮೇಡಂ ಕಿರುಚಿದರು. “ಅಲ್ಲಾಡ್ಬೇಡಿ! ಅಲ್ಲೇ ಇರಿ! ತಿಂತಾನೇ ಇರಿ!”

ಬೇಸಿಗೆಯಿಂದ ಆ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಹೇಳಬೇಕೆಂದಿದ್ದೆ. ಅಷ್ಟರಲ್ಲಿ ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು.


ನವೆಂಬರ್ ೫, ಬುಧವಾರ

ಅತ್ತೆ ಈಗ ಅಧಿಕೃತವಾಗಿ ಕರಡಿಯ ಬಾಯಿ. ಸ್ಟುಡಿಯೋದಲ್ಲೂ ಕಪ್ಪು ಕನ್ನಡಕ ತೆಗೆಯುವುದಿಲ್ಲ, ಕತ್ತಲಲ್ಲಿ ಪರದೆ ಹೇಗೆ ಕಾಣುತ್ತದೋ ದೇವರೇ ಬಲ್ಲ. ಇವತ್ತು ಅವರಿಗೆ ಇಡೀ ಸಿನಿಮಾ ತೋರಿಸಿದರು. ಮುಗಿದ ಮೇಲೆ ನಿರ್ದೇಶಕರು ಕರವಸ್ತ್ರ ಹಿಡಿದು ಆಸೆಯಿಂದ ಕೇಳಿದರು.

“ಹೇಗನ್ನಿಸ್ತು ಅಮ್ಮ?”

“ಒಲೆ ಮೇಲೆ ಇಡದೆ ಆ ಕೆಟಲ್ಲು ಹೇಗ್ರೀ ಬೆಚ್ಚಗಿರುತ್ತೆ?”

“ಅದು... ಪ್ರೀತಿಯಿಂದ.”

“ಹಂಗಾದ್ರೆ ಪ್ರೀತಿ ಮಾಡಿ ಒಂದು ಲೋಟ ಟೀ ಕಾಸಿ ಕೊಡಿ, ನೋಡೋಣ.”

ಮೇಡಂ ಗಾಜಿನ ಆಚೆ ಮುಖ ತಿರುಗಿಸಿಕೊಂಡು ಮೈ ಕುಲುಕಿ ನಕ್ಕರು. ಅತ್ತೆ ಅಷ್ಟಕ್ಕೇ ಬಿಡುವವರಲ್ಲ.

“ಆ ಮುದುಕಿ ನೋಡಿ. ಕರಡಿ ಅಷ್ಟು ದೂರದಿಂದ ಚಳೀಲಿ ಹೊತ್ಕೊಂಡು ಬಂದು ಕೊಟ್ಟಿದೆ, ಬಾಯಿ ಮಾತಿಗಾದ್ರೂ ಟೀ ಕುಡಿದು ಹೋಗಪ್ಪಾ ಅನ್ನೋದು ಬೇಡ್ವಾ? ಬಾಗಿಲು ಹಾಕ್ಕೊಂಡೇ ಬಿಟ್ಳು! ಇಷ್ಟು ಹೊತ್ತು ದಯೆ ದಯೆ ಅಂತ ಪಾಠ ಮಾಡಿದ್ದು ಬರೀ ಕರಡಿಗಾ?”

“ಅಮ್ಮ, ಮುಖ್ಯ ಅದಲ್ಲ. ಕರಡಿ ಬಿಟ್ಟುಕೊಡೋದನ್ನ ಕಲಿಯುತ್ತೆ, ಅದು ಮುಖ್ಯ.”

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಯಾರ್ರೀ ಬೇಕೂಂತ ಬಿಡ್ತಾರೆ?” ಎಂದರು. “ಕಿತ್ಕೊಂಡು ಹೋಗುತ್ತೆ. ಆಮೇಲೆ ನಾವೇ ಬಿಟ್ವಿ ಅಂತ ಹೇಳ್ಕೊಂಡು ತಿರುಗಬೇಕು, ಅಷ್ಟೇ.”

ನಿರ್ದೇಶಕರು ಅತ್ತರು. ಅವರು ಹೇಗೂ ಅಳುತ್ತಾರೆ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ, ಆದರೆ ನಾನು ಯಾವತ್ತೂ ಆಡುವುದಿಲ್ಲ. ಇಳಿದ ಮೇಲೆ “ಆ ಅಳುಮುಂಜಿ ಒಳ್ಳೆಯವನೇ ಪಾಪ” ಎಂದರು.


ನವೆಂಬರ್ ೧೧, ಮಂಗಳವಾರ

ಇಲಿಯ ಸೀನಿಗೆ ಇವತ್ತು ಪರೀಕ್ಷೆ ನಡೆಯಿತು. ಕಚೇರಿಯವರು, ಬಣ್ಣ ಹಾಕುವವರು, ಕಾವಲುಗಾರ, ಎಲ್ಲರೂ ಮೂಗಿಗೆ ಬತ್ತಿ ಹಾಕಿಕೊಂಡು ಸಾಲಾಗಿ ಬಂದರು. ಕಾವಲುಗಾರನ ಸೀನಿಗೆ ಮೈಕೇ ಮಗುಚಿಬಿತ್ತು. “ಆ ಇಲಿ ಕಿವೀಲಿದ್ರೆ ಕರಡಿ ತಲೆ ಉಳಿಯಲ್ಲ” ಎಂದರು ಮೇಡಂ. ಆಮೇಲೆ ನನ್ನ ಕಡೆ ನೋಡಿದರು. ನಾನು ಹಿಟ್ಟಿನ ಚೀಲ ಹೊಲಿಯುತ್ತಿದ್ದೆ.

ಅತ್ತೆಯನ್ನೂ ಕರೆದರು. “ನಂಗೆ ಸೀನೇ ಬರಲ್ಲ” ಎಂದು ಎದ್ದು ಹೊರಗೆ ಹೋದರು. ಅಷ್ಟು ಗಡಿಬಿಡಿಯೇನೋ.


ನವೆಂಬರ್ ೧೨, ಬುಧವಾರ

ಹೋಯಿತು.

ಕರಡಿ ಕೆಟಲಿಗೆ ಸ್ನಾನ ಮಾಡಿಸುವ ದೃಶ್ಯ. ದೊಡ್ಡ ಟಬ್ಬಿನ ಮೇಲೆ ಬಗ್ಗಿ ನೀರು ಕಲಕುತ್ತಿದ್ದೆ. ರೆಕಾರ್ಡಿಂಗ್ ಕೋಣೆಯೊಳಕ್ಕೆ ಫೋನು ತರಬಾರದೆಂಬುದು ನಮ್ಮ ಕೆಲಸದ ಮೊದಲ ನಿಯಮ. ಹೊಸಬರಿಗೆಲ್ಲ ನಾನೇ ಹೇಳಿಕೊಡುತ್ತೇನೆ. ಬೇಸಿಗೆಯಿಂದ ನಾನೇ ಮೀರುತ್ತಿದ್ದೇನೆ, ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡುತ್ತೇನೆ. ಬಗ್ಗಿದೆ. ಗುಳುಂ.

“ಅದ್ಭುತ!” ಎಂದರು ನಿರ್ದೇಶಕರು. “ಸೋಪು ಜಾರಿಬಿದ್ದ ಹಾಗೇ ಇದೆ! ಅದನ್ನೇ ಇಟ್ಕೊಳ್ಳೋಣ!”

ಹೊರತೆಗೆಯುವ ಹೊತ್ತಿಗೆ ಅದರ ಕಣ್ಣು ಮುಚ್ಚಿತ್ತು.

ಮನೆಗೆ ಬಂದ ಮೇಲೆ ಅತ್ತೆ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತರು, ಅಕ್ಕಿ ನೀರನ್ನೆಲ್ಲ ಹೀರಿಕೊಳ್ಳುತ್ತದಂತೆ. ನಾನು ಅಡುಗೆಮನೆಯ ನೆಲದ ಮೇಲೆ ಡಬ್ಬಿಯ ಪಕ್ಕ ಕುಳಿತುಬಿಟ್ಟೆ.

“ಏಳಿ ಅಳಿಯಂದ್ರೇ. ಒಂದು ಫೋನಿಗೆ ಇಷ್ಟು ಅಳ್ತಾರಾ? ನಿಮಗೂ ಆ ಅಳುಮುಂಜಿ ಗಾಳಿ ಬೀಸ್ತು.”

“ಫೋನಿಗಲ್ಲ ಅತ್ತೆ. ಅದರೊಳಗೆ ಅವಳ ಸೀನಿತ್ತು. ಅದೊಂದೇ ಇದ್ದದ್ದು.”

ಬೇಸಿಗೆಯ ನಂತರ ಅವರ ಮುಂದೆ ಅವಳ ಮಾತೆತ್ತಿದ್ದು ಇದೇ ಮೊದಲು. ಅತ್ತೆಯ ಕೈ ಅಕ್ಕಿಯೊಳಗೇ ನಿಂತುಬಿಟ್ಟಿತು. ಕೊನೆಗೆ “ಊಟ ಮಾಡಿ ಮಲಗಿ” ಎಂದಷ್ಟೇ ಹೇಳಿದರು.


ನವೆಂಬರ್ ೧೩, ಗುರುವಾರ

ಬೆಳಿಗ್ಗೆ ಎದ್ದರೆ ಕಣ್ಣು ಕುಕ್ಕುವ ಬೆಳಕು. ಮನೆಯ ಪರದೆಗಳೆಲ್ಲ ಸರಿದಿದ್ದವು. ಅತ್ತೆ ಕನ್ನಡಕ ತೆಗೆದು, ಸೊಂಟಕ್ಕೆ ಕೈಕೊಟ್ಟು, ಪೂರ್ವದ ಕಿಟಕಿಯ ಮುಂದೆ ನಿಂತಿದ್ದರು.

“ಅಳಿಯಂದ್ರೇ, ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ.”

ಬಸ್ಸಿನಲ್ಲಿ ಹೇಳುವ ಹಾಗೆಯೇ ಹೇಳಿದರು. ಕುರ್ಚಿಯ ಕೈ ಹಿಡಿದುಕೊಂಡು ಕುಳಿತೆ. ಅತ್ತೆ ಬಿಸಿಲಿಗೆ ಮುಖವೆತ್ತಿದರು.

ಚಿಕ್.

ಚಿಕ್.

ಹಚ್ಚೀ!

ನಾನು ಎದ್ದು ಅಡುಗೆಮನೆಗೆ ಹೋಗಿ ನೋಡಿಬಂದೆ. ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಕಿಟಕಿಯ ಬಳಿಯೇ ಮೂಗೊರೆಸಿಕೊಳ್ಳುತ್ತ ನಿಂತಿದ್ದರು.

“ಅವಳದ್ದೂ ನಂದೂ ಒಂದೇ ಸೀನು” ಎಂದರು. “ನಮ್ಮ ಡಿಪೋದಲ್ಲಿ ಎಲ್ರೂ ಹೇಳ್ತಿದ್ರು, ತಾಯಿ ಯಾರು ಮಗಳು ಯಾರು ಗೊತ್ತಾಗಲ್ಲ ಅಂತ. ನಿಮ್ಮ ಕಿವಿಗೆ ಬಿದ್ರೆ ಎಲ್ಲಿ ಎದೆ ಒಡ್ಕೊಂತೀರೋ ಅಂತ ಹೆದರಿಕೆ ಆಯ್ತು. ಅದಕ್ಕೇ ಕನ್ನಡಕ, ಅದಕ್ಕೇ ಪರದೆ.”

“ಬಂದಾಗಿಂದ ತಡ್ಕೊಂಡಿದ್ರಾ?”

“ಹೂಂ ಮತ್ತೆ. ಬಚ್ಚಲಿಗೆ ಹೋಗಿ ಮೂಗು ಹಿಡ್ಕೊಂಡು ಒಳಗೇ ಸೀನ್ತಿದ್ದೆ. ಕಿವಿಯೊಳಗೆ ಈಗ್ಲೂ ಡೀಸೆಲ್ ಬಸ್ಸು ಓಡ್ತಿದೆ.”

ಬಚ್ಚಲು. ನಲ್ಲಿ. ಎರಡು ಪುಟ್ಟದು, ತಡೆದು ಒಂದು ದೊಡ್ಡದು. ಪಳಗಿದ ಕಿವಿಯಂತೆ! ನನ್ನ ಕಿವಿಗೆ ಬೆಂಕಿ ಬಿತ್ತು.

“ಅತ್ತೆ, ಹಾಗಾದ್ರೆ ಆ ಕೆಟಲ್ ಮುಚ್ಚಳ...”

“ನನ್ನ ಮೂಗು!”

ಅತ್ತೆ ಮೊದಲು ನಕ್ಕರು. ಆಮೇಲೆ ನಾನು. ನಗುವಾಗ ಅವರಿಗೆ ಮತ್ತೆ ಬಿಸಿಲು ಕಣ್ಣಿಗೆ ಬಿದ್ದು ಮತ್ತೆ ಸೀನಿದರು, ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಸಾಲುಗಟ್ಟಿ ಬಂತು. ಮೇಲಿನ ಮನೆಯವರು ಇಳಿದುಬಂದು “ಶೀತದ ಮಾತ್ರೆ ಬೇಕಿತ್ತಾ?” ಎಂದು ಕೇಳಿದರು. ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತ ಇದ್ದುದನ್ನು ನೋಡಿ ಬಾಗಿಲಲ್ಲೇ ಮಾತ್ರೆ ಇಟ್ಟು ಹೋದರು.

ಅವಳು ಚಿಕ್ಕವಳಿದ್ದಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳಂತೆ. ಬಸ್ಸು ತಿರುವಿನಲ್ಲಿ ಬಿಸಿಲಿಗೆ ಮುಖ ಮಾಡಿದ ಕೂಡಲೇ ತಾಯಿ ಮಗಳು ಒಟ್ಟಿಗೆ ಸೀನುತ್ತಿದ್ದರಂತೆ. ಡ್ರೈವರು ಅದನ್ನು ಕೇಳಿಯೇ ತಿರುವು ಬಂತೆಂದು ಹಾರ್ನ್ ಹೊಡೆಯುತ್ತಿದ್ದನಂತೆ. ಇದನ್ನು ಅವಳು ನನಗೆ ಹೇಳಿರಲೇ ಇಲ್ಲ. ಇನ್ನೂ ಎಷ್ಟು ಇದೆಯೋ. ಮಧ್ಯಾಹ್ನದವರೆಗೆ ಕೇಳುತ್ತ ಕುಳಿತೆ. ಕೆಲಸಕ್ಕೆ ಹೋಗಲಿಲ್ಲ.

ಆ ಲೋಟ ಅವಳದೆಂದು ಅತ್ತೆಗೆ ಮೊದಲಿಂದಲೂ ಗೊತ್ತಿತ್ತಂತೆ. ಅದನ್ನು ಕೊಡಿಸಿದವರೇ ಅವರು.


ನವೆಂಬರ್ ೧೮, ಮಂಗಳವಾರ

ಫೋನನ್ನು ರಿಪೇರಿ ಅಂಗಡಿಗೆ ಕೊಟ್ಟೆ. “ಒಳಗಿರೋದು ಉಳಿಯೋದು ಅನುಮಾನ ಸಾರ್, ನೋಡ್ತೀನಿ. ಸಿಕ್ಕಿದ್ದು ಎರಡು ಅಕ್ಕಿಕಾಳು” ಎಂದ.

ಊಟ ಮಾಡುವಾಗ ಅತ್ತೆ ಕೇಳಿದರು. “ಆ ಇಲಿಗೆ ಸೀನು ಕೊಡ್ಲಾ? ನೀವು ಬೇಡ ಅಂದ್ರೆ ಬೇಡ. ಮತ್ತೆ ಮೂಗು ಹಿಡ್ಕೊಂತೀನಿ, ಅಭ್ಯಾಸ ಆಗಿದೆ.”

ತಟ್ಟೆ ಖಾಲಿಯಾಗುವವರೆಗೂ ಯೋಚಿಸಿದೆ. ಕೊಡಿ ಎಂದೆ. ಯಾಕೆಂದು ಗೊತ್ತಿಲ್ಲ. ಇಲಿಯ ಮುಖ ಚೆನ್ನಾಗಿ ಬರೆದಿದ್ದಾರೆ.


ನವೆಂಬರ್ ೧೯, ಬುಧವಾರ

ಸ್ಟೂಲಿನ ಮುಂದೆ ದೀಪ ಇಟ್ಟೆವು. ಅತ್ತೆ ಕನ್ನಡಕ ಹಾಕಿಕೊಂಡು ಕುಳಿತರು. ಪರದೆಯ ಮೇಲೆ ಇಲಿ ಮೂಗು ಸಿಂಡರಿಸಿದ ಕೂಡಲೇ ನಾನು ಅವರ ಕನ್ನಡಕ ಕಿತ್ತುಕೊಳ್ಳಬೇಕು. ಸದ್ದಿನ ಕೆಲಸದಲ್ಲಿ ಇಂಥದ್ದನ್ನು ಎಲ್ಲೂ ಕಲಿಸಿಲ್ಲ. ಮೊದಲ ಸಲ ಕನ್ನಡಕದ ಜೊತೆ ಕಿವಿಯೋಲೆಯೂ ಬಂತು. ಎರಡನೆಯ ಸಲ ಇಲಿ ಸೀನುವುದಕ್ಕೆ ಮುಂಚೆ ಕರಡಿಯೇ ಸೀನಿದಂತಾಯಿತು.

“ಸ್ವಲ್ಪ ಇಲಿ ಥರ ಇರಲಿ ಅತ್ತೆ” ಎಂದೆ.

“ಇಷ್ಟು ವರ್ಷ ಕಂಡಕ್ಟರಾಗಿದ್ದೆ. ಈಗ ಇಲಿ ಅಂದ್ರೆ ಇದು ಪ್ರಮೋಷನ್ನಾ, ಡಿಮೋಷನ್ನಾ?”

ಮೂರನೆಯ ಸಲ ಸರಿಯಾಗಿ ಬಂತು. ಚಿಕ್, ಚಿಕ್, ಹಚ್ಚೀ. ಗಾಜಿನ ಆಚೆ ಮೇಡಂ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಎದ್ದುಹೋದರು. ನಿರ್ದೇಶಕರು ಮಾತ್ರ ಅಳಲಿಲ್ಲ. ಬಾಯಿ ತೆರೆದುಕೊಂಡು ಕುಳಿತಿದ್ದರು. ಅಳುವವರು ಒಮ್ಮೆ ಅಳದಿದ್ದರೆ ನೋಡಲಾಗುವುದಿಲ್ಲ. ನಾನೇ ಎದ್ದು ಅವರಿಗೆ ನೀರು ಕೊಟ್ಟೆ.


ನವೆಂಬರ್ ೨೧, ಶುಕ್ರವಾರ

ಅತ್ತೆ ಟೀ ವಿಷಯ ಬಿಟ್ಟಿರಲಿಲ್ಲ. ಮುದುಕಿ ಟೀ ಕೊಡದಿದ್ದರೆ ನಾಳೆಯಿಂದ ಕರಡಿಗೆ ಬಾಯಿಯಿಲ್ಲ ಎಂದು ಮುಷ್ಕರ ಹೂಡಿದರು. ನಿರ್ದೇಶಕರು ಕೈ ಮುಗಿದರು. “ಅಮ್ಮ, ನೀವು ಹೇಳೋದು ಸರೀನೇ. ಆದ್ರೆ ಹೊಸದಾಗಿ ಚಿತ್ರ ಬರೆಯೋಕೆ ಸಮಯ ಇಲ್ಲ. ರಜೆ ಬಂದೇ ಬಿಡ್ತು.”

“ಚಿತ್ರ ಯಾಕೆ?” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸಭೆಯಲ್ಲಿ ಮಾತಾಡುವವನಲ್ಲ. “ಕೊನೇಲಿ ಪರದೆ ಕಪ್ಪಾಗುತ್ತಲ್ಲ. ಕಪ್ಪು ಪರದೆ ಮೇಲೆ ಸದ್ದು ಮಾಡಿದ್ರೆ ಆಯ್ತು. ಟೀ ಕಾಣ್ಬೇಕಾಗಿಲ್ಲ, ಕೇಳಿಸಿದ್ರೆ ಸಾಕು.”

ಹಾಗೆಯೇ ಮಾಡಿದೆವು. ಕಪ್ಪು ಪರದೆ. ದೂರದಲ್ಲಿ ಬಾಗಿಲು ತೆರೆಯುವ ಸದ್ದು. ಅತ್ತೆಯ ದನಿ: “ಏ ಕರಡೀ! ಎಲ್ಲಿಗೋ ಹೊರಟೆ? ಬಾ, ಟೀ ಕುಡಿದು ಹೋಗು. ಕಿವೀಲಿರೋನ್ನೂ ಕರ್ಕೊಂಡು ಬಾ.” ಹಿಮದಲ್ಲಿ ಕಿರುಕ್ ಕಿರುಕ್ ಎಂದು ಓಡಿಬರುವ ಹೆಜ್ಜೆ. ಕೆಟಲ್ ಮುಚ್ಚಳ, ಅಂದರೆ ಅತ್ತೆಯ ಮೂಗು. ಆಮೇಲೆ ಮೂರು ಬಾಯಿಗಳು ಟೀ ಹೀರುವ ಸದ್ದು.

ಅಜ್ಜಿಯ ಸೊರ್ರ್ ಅತ್ತೆಯದು. ಇಲಿಯ ಪುಟಾಣಿ ಸೊರ್ರ್ ಮೇಡಂ ಮಾಡಿದರು. ಕರಡಿಯದನ್ನು ನಾನು ಮಾಡಿದೆ. ಬಿಸಿ ಟೀ, ನಾಲಿಗೆ ಸುಟ್ಟಿತು. ಗುಮಾಸ್ತರ ಹಾಗೆ ಕೇಳಿಸಲಿಲ್ಲವಂತೆ.


ಡಿಸೆಂಬರ್ ೨೦, ಶನಿವಾರ

ರಜೆ ಶುರುವಾಗಿದೆ. ಮಧ್ಯಾಹ್ನದ ಆಟಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಥಿಯೇಟರಿನ ತುಂಬ ಮಕ್ಕಳು, ಗಲಾಟೆ, ಚೆಲ್ಲಿದ ಪಾಪ್‌ಕಾರ್ನ್. ಕಾಲಿಟ್ಟಲ್ಲೆಲ್ಲ ಕರುಂ ಕರುಂ, ಒಣಗಿದ ಎಲೆಗಳ ಸದ್ದಿಗೆ ಚೆನ್ನಾಗಿದೆ, ನೆನಪಿಟ್ಟುಕೊಳ್ಳಬೇಕು.

ಅತ್ತೆ ಸಾಲಿನ ಕೊನೆಯಲ್ಲಿ ನಿಂತು ಗುರುತಿಲ್ಲದ ಮಕ್ಕಳನ್ನೆಲ್ಲ “ಒಳಗೆ ಸರೀರಿ, ಒಳಗೆ ಸರೀರಿ, ಮಧ್ಯದಲ್ಲಿ ಜಾಗ ಇದೆ” ಎಂದು ಒತ್ತಿ ಕೂರಿಸಿದರು. ಕರಡಿ ಕೋಸು ತಿಂದಾಗ ಪಕ್ಕದ ಹುಡುಗಿಗೆ “ಅದು ನನ್ನ ಹಲ್ಲು” ಎಂದು ಹೇಳಿದರು. ಆ ಮಗು ತಾಯಿಯ ಕಡೆಗೆ ಸರಿದು ಕುಳಿತಿತು.

ಕರಡಿ ಕೆಟಲಿನ ಟೋಪಿ ಸರಿಮಾಡಿ, ಅಜ್ಜಿಯ ಕೈಗೆ ಕೊಟ್ಟು, ಹಿಡಿಕೆಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುವ ಹೊತ್ತಿಗೆ ಇಡೀ ಥಿಯೇಟರ್ ಮೌನವಾಯಿತು. ಹಿಂದಿನ ಸಾಲಿನಿಂದ ಬಿಕ್ಕುವ ಸದ್ದು ಬಂತು. ತಿರುಗಿ ನೋಡದೆಯೇ ನಿರ್ದೇಶಕರೆಂದು ಗೊತ್ತಾಯಿತು. ಅತ್ತೆ ಪರದೆಯನ್ನೇ ನೋಡುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ರೈಟ್... ರೈಟ್” ಎಂದರು. ಬಸ್ಸನ್ನು ಹೊರಡಿಸುವಾಗ ಹೇಳುವ ಮಾತು. ಅವರ ಕೈ ಇಲ್ಲದ ಗಂಟೆಯ ಹಗ್ಗವನ್ನು ಎಳೆಯಿತು. ನಾನು ಆ ಕೈಯನ್ನು ಹಿಡಿದು ಕುರ್ಚಿಯ ಮೇಲಿಟ್ಟೆ. ಪಾಪ್‌ಕಾರ್ನಿನ ಉಪ್ಪು ಅಂಟಿತ್ತು.

ಇಲಿ ಸೀನಿದಾಗ ಮಕ್ಕಳೆಲ್ಲ ನಕ್ಕರು. ನಕ್ಕರು ಎಂದರೆ ಕುರ್ಚಿ ಅಲ್ಲಾಡುವಷ್ಟು. ಸಾಲಿನ ತುದಿಯಲ್ಲಿದ್ದ ಒಂದು ಪುಟ್ಟ ಮಗು ಎದ್ದು ನಿಂತು ಚಿಕ್ ಚಿಕ್ ಹಚ್ಚೀ ಎಂದು ತಾನೂ ಸೀನಿ ತೋರಿಸಿತು. ಕ್ಷಣದಲ್ಲಿ ಹತ್ತಾರು ಮಕ್ಕಳು ಅದನ್ನೇ ಮಾಡತೊಡಗಿದರು. ಕೇಳಲು ಚೆನ್ನಾಗಿತ್ತು. ಮೂರನೆಯದಕ್ಕೆ ಮುಂಚೆ ಇರಬೇಕಾದ ತಡೆ ಮಾತ್ರ ಯಾರಿಗೂ ಸರಿಯಾಗಿ ಬರಲಿಲ್ಲ. ಪಕ್ಕದ ಹುಡುಗಿಗೆ ನಾನೇ ಹೇಳಿಕೊಟ್ಟೆ. ಎರಡಾದ ಮೇಲೆ ಬೆರಳು ಎತ್ತಬೇಕು, ಆಮೇಲೆ ಸೀನಬೇಕು.

ಕತ್ತಲಿನಿಂದ ಹೊರಗೆ ಮೆಟ್ಟಿಲಿಗೆ ಬಂದಾಗ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಅತ್ತೆ ಅಲ್ಲೇ ನಿಂತರು.

ಚಿಕ್. ಚಿಕ್.

“ಇನ್ನೊಂದು ಬಾಕಿ” ಎಂದೆ.

ಅತ್ತೆ ತಾಳಿ ಎಂಬಂತೆ ಬೆರಳೆತ್ತಿದರು. ಮೆಟ್ಟಿಲಿಳಿಯುತ್ತಿದ್ದವರೆಲ್ಲ ನಮಗಾಗಿ ನಿಂತರು.

ಹಚ್ಚೀ!

“ಈಗ ಹೊರಡಿ” ಎಂದು ಅತ್ತೆ ಎಲ್ಲರಿಗೂ ದಾರಿ ಬಿಟ್ಟರು.

ಬಸ್ಸಿನಲ್ಲಿ ಬರುವಾಗ ದೊಡ್ಡ ವಾದ ನಡೆಯಿತು. ಮುಂದಿನ ಸಿನಿಮಾದಲ್ಲಿ ಒಂಟೆ ಇದೆ. ಒಂಟೆ ಅಗಿಯುವುದಕ್ಕೆ ಕೋಸಲ್ಲ, ಒಣ ಬ್ರೆಡ್ಡಾಗಬೇಕು ಎಂದು ಅವರು, ಹಸಿ ಮೂಲಂಗಿ ಎಂದು ನಾನು. ಬಸ್ಸಿನಲ್ಲಿದ್ದವರೆಲ್ಲ ಎರಡು ಪಕ್ಷವಾದರು. ಫೋನು ರಿಪೇರಿ ಅಂಗಡಿಯಿಂದ ಮೊನ್ನೆಯೇ ಹೇಳಿಕಳಿಸಿದ್ದರು, ಒಳಗಿದ್ದದ್ದೆಲ್ಲ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ ಎಂದು. ಅಂಗಡಿ ಇದ್ದದ್ದು ದಾರಿಯಲ್ಲೇ. ಇಳಿದು ತರಬೇಕಿತ್ತು. ಮೂಲಂಗಿಯ ಗಲಾಟೆಯಲ್ಲಿ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

ನಾಳೆ ಭಾನುವಾರ, ಅಂಗಡಿ ಮುಚ್ಚಿರುತ್ತದೆ. ಯಾವಾಗಲಾದರೂ ಹೋದರಾಯಿತು.